ನಡುಹಗಲಿಗೊಂದು ಜಗುಲಿ

ಫೋಟೊ ತೆಗೆಯುವವರಿಗೂ ತೆಗೆಸಿಕೊಳ್ಳುವವರಿಗೂ ನಡುವೆ ಒಂದು ಹಳೆಯ ತಕರಾರಿದೆ. ಬೆಳಗ್ಗೆ ಏಳಕ್ಕೆ ಬನ್ನಿ, ಇಲ್ಲವೇ ಸಂಜೆ ಐದರ ಮೇಲೆ ಬನ್ನಿ, ಆಗ ಬೆಳಕು ಚೆನ್ನ ಎಂದು ತೆಗೆಯುವವರು ಹೇಳುತ್ತಾರೆ. ತೆಗೆಸಿಕೊಳ್ಳುವವರಿಗೆ ಪುರುಸೊತ್ತಾಗುವುದು ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ. ಮದುವೆಯ ಧಾರೆ, ಶಾಲೆಯ ಗುಂಪು ಚಿತ್ರ, ಗೃಹಪ್ರವೇಶ ಇವೆಲ್ಲ ಸೂರ್ಯ ನೆತ್ತಿಗೇರಿದ ಮೇಲೆಯೇ ನಡೆಯುತ್ತವೆ. ಬಿಡುಬೀಸಾದ ಬೆಳಕಿದೆಯಲ್ಲ, ಇನ್ನೇನು ಬೇಕು ಎಂದು ಜನ ಕೇಳುತ್ತಾರೆ. ಬೆಳಕು ಹೆಚ್ಚಾಗಿರುವುದೇ ತೊಂದರೆ ಎಂದು ಅವರಿಗೆ ತಿಳಿಸಿ ಹೇಳುವುದು ಸುಲಭವಲ್ಲ.

ಶಿವಮೊಗ್ಗದ ಒಬ್ಬ ಹಿರಿಯ ಛಾಯಾಗ್ರಾಹಕರಿಗೆ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಬಂದ ಕರೆಯೂ ಇಂಥದ್ದೇ. ಭದ್ರಾವತಿಯಲ್ಲೊಂದು ಕಾರು ಇದೆ, ಅದರ ಫೋಟೊ ಬೇಕು, ಇವತ್ತೇ ಬೇಕು. ಎರಡೂವರೆಗೆ ಕೊಂಡವರು ಬಂದು ಲಾರಿಗೆ ಹತ್ತಿಸಿಕೊಂಡು ಹೊರಟುಬಿಡುತ್ತಾರೆ, ಕತ್ತಲಾಗುವ ಮುಂಚೆ ಅವರು ಘಟ್ಟ ಇಳಿಯಬೇಕು. ಬೆಳಗ್ಗೆ ಕಾರಿಗೆ ಕೊನೆಯ ಪೂಜೆ, ನೆಂಟರ ಊಟ. ಅಂತೂ ಉಳಿದಿರುವ ಹೊತ್ತು ಹನ್ನೆರಡರಿಂದ ಎರಡರವರೆಗೆ.

‘ಎಂತ ಕಾರು?’ ಎಂದು ಛಾಯಾಗ್ರಾಹಕರು ಕೇಳಿದರು.

‘ಅಂಬಾಸಿಡರ್ ಸಾರ್. ಮಾರ್ಕ್ ಟೂ. ಕಪ್ಪು.’

ನೆತ್ತಿಯ ಮೇಲಿನ ಸೂರ್ಯ, ಕೆಳಗೆ ಕಪ್ಪು ಕಾರು. ಇದಕ್ಕಿಂತ ಕಷ್ಟದ ಕೆಲಸವನ್ನು ಹುಡುಕಿದರೂ ಸಿಗಲಾರದು. ಆದರೂ ಅವರು ಒಪ್ಪಿಕೊಂಡರು. ಸಹಾಯಕ ಹುಡುಗನನ್ನು ಕೂರಿಸಿಕೊಂಡು ಬಿ.ಎಚ್. ರಸ್ತೆ ಹಿಡಿದರು. ಶಿವಮೊಗ್ಗದ ನಡುವೆ ಹಾದು, ಮಾಚೇನಹಳ್ಳಿ ದಾಟಿ, ಭದ್ರಾವತಿಯ ನಡುವೆಯೂ ಹಾಯುವ ಅದೇ ಬೆಂಗಳೂರು-ಹೊನ್ನಾವರ ರಸ್ತೆ. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಟಾರು ಆಗಲೇ ಬಿಸಿಯೇರಿ ದೂರದಲ್ಲಿ ನೀರು ನಿಂತಂತೆ ಮಿನುಗುತ್ತಿತ್ತು.

ಮನೆಯ ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಕಾರ್ಖಾನೆ ಕಬ್ಬಿಣ ಕರಗಿಸಲು ತೊಡಗಿದ್ದು 1923ರಲ್ಲಿ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತು ನಿಲ್ಲಿಸಿದ ಕಥೆ ಊರಿನ ಪ್ರತಿ ಮನೆಯಲ್ಲೂ ಇದೆ. ಯಜಮಾನರ ತಂದೆಯೂ ಅಲ್ಲೇ ಕೆಲಸಕ್ಕಿದ್ದವರು. ಕಾರನ್ನು ಇವರು ಕೊಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಸೆಕೆಂಡ್ ಹ್ಯಾಂಡ್. ನೋಂದಣಿ ಫಲಕದಲ್ಲಿ ಇನ್ನೂ ಎಂ.ವೈ. ಎಂಬ ಅಕ್ಷರಗಳು. 1973ರ ನವೆಂಬರ್ ಒಂದರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರುವ ಮೊದಲು, ಮೈಸೂರು ರಾಜ್ಯದ ಕಾಲದಲ್ಲಿ ರಸ್ತೆಗೆ ಇಳಿದ ಗಾಡಿ ಅದು.

ಅಂಬಾಸಿಡರ್ ಬಗ್ಗೆ ಹೊಸದಾಗಿ ಹೇಳುವುದೇನಿದೆ? ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚನ್ನು ತಂದು ಕೋಲ್ಕತ್ತಾದ ಹತ್ತಿರ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ತಯಾರಿಸಲು ಶುರು ಮಾಡಿದ್ದು 1950ರ ದಶಕದ ಕೊನೆಯಲ್ಲಿ. 1962ರಲ್ಲಿ ಚೌಕುಳಿ ಜಾಲರಿಯ ಮಾರ್ಕ್ ಟೂ ಬಂತು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಅಷ್ಟು ವರ್ಷವೂ ಅದರ ಮೈಕಟ್ಟು ಹೆಚ್ಚೇನೂ ಬದಲಾಗಲಿಲ್ಲ. ಅದೇ ಗುಂಡು ದೀಪ, ಅದೇ ಉಬ್ಬಿದ ಬಾನೆಟ್ಟು, ಬೋಗುಣಿ ಮಗುಚಿಟ್ಟಂಥ ಮಾಡು. ಮಂತ್ರಿಯೂ ಅದರಲ್ಲೇ ಹೋದ, ಮದುಮಗಳೂ ಅದರಲ್ಲೇ ಬಂದಳು, ಮಣಿಪಾಲದ ಆಸ್ಪತ್ರೆಗೆ ರೋಗಿಯೂ ಅದರ ಹಿಂದಿನ ಸೀಟಿನಲ್ಲೇ ಮಲಗಿ ಹೋದ.

ಯಜಮಾನರಿಗೆ ಕಣ್ಣಿನ ಪೊರೆ. ಹೆಂಡತಿ ತೀರಿಕೊಂಡು ಮೂರು ವರ್ಷ. ಬೆಂಗಳೂರಿನ ಮಗನ ಮನೆಗೆ ಹೋಗಲು ಒಪ್ಪಿದ್ದಾರೆ. ಅಲ್ಲಿ ಅಪಾರ್ಟ್‌ಮೆಂಟಿನಲ್ಲಿ ಒಂದೇ ಕಾರಿಗೆ ಜಾಗ, ಅದು ಮಗನ ಕಾರಿಗೆ. ಮಂಗಳೂರು ಕಡೆಯ ಹಳೆ ಕಾರುಗಳ ಆಸಕ್ತರೊಬ್ಬರು ಕೊಂಡಿದ್ದಾರೆ. ಐವತ್ತು ವರ್ಷ ಮೀರಿದ ಕಾರುಗಳನ್ನು ವಿಂಟೇಜ್ ಎಂದು ಬೇರೆಯೇ ನೋಂದಣಿ ಮಾಡಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಹಾಗೆ ನೋಂದಣಿಯಾದ ಗಾಡಿಯನ್ನು ಮೆರವಣಿಗೆ, ಪ್ರದರ್ಶನಗಳಿಗೆ ಒಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಅಂದರೆ ಸಂತೆಯಿಂದ ತೆಂಗಿನಕಾಯಿ ಮೂಟೆ ಹೊತ್ತು ತಂದ ಕಾರು ಇನ್ನು ಮೇಲೆ ಬರೀ ನೋಡುವ ಕಾರು.

ಆಲ್ಬಂ ತುಂಬ ಕಾರಿನ ಚಿತ್ರಗಳೇನೋ ಇದ್ದವು. ಆದರೆ ಎಲ್ಲದರಲ್ಲೂ ಜನ ಮುಂದೆ, ಕಾರು ಹಿಂದೆ. ಒಂದರಲ್ಲಿ ಅರ್ಧ ಬಂಪರು, ಇನ್ನೊಂದರಲ್ಲಿ ಒಂದು ಕಣ್ಣು, ಮತ್ತೊಂದರಲ್ಲಿ ಬಾಗಿಲಿನ ಮೇಲೆ ಒರಗಿದ ಭಾವಮೈದುನನ ಮೊಣಕೈ. ಇಡಿಯ ಕಾರು ಒಂದರಲ್ಲೂ ಇಲ್ಲ. ‘ಕಾರು ಕಾರಿನ ಹಾಗೆ ಕಾಣುವ ಒಂದು ಫೋಟೊ ಸಾಕು. ನನ್ನ ಮುಖ ಅದರಲ್ಲಿ ಬೇಡ’ ಎಂದು ಯಜಮಾನರು ಮಗನಿಗೆ ಹೇಳಿದ್ದರು.

ಮಗ ಬೆಳಗಿನಿಂದ ಮೊಬೈಲಿನಲ್ಲಿ ಮೂವತ್ತು ಚಿತ್ರ ತೆಗೆದಿದ್ದ. ಅದನ್ನು ನೋಡಿಯೇ ಅಪ್ಪನ ಮುಖ ಸಣ್ಣಗಾಗಿತ್ತು. ಮಾಡಿನ ಮೇಲೆ ಸುಣ್ಣ ಚೆಲ್ಲಿದಂಥ ಬಿಳಿ ಮಚ್ಚೆ. ಚಕ್ರಗಳ ಜಾಗದಲ್ಲಿ ನಾಲ್ಕು ಕಪ್ಪು ಗುಂಡಿ. ಬಾನೆಟ್ಟಿನ ಮೇಲೆ ಸೂರ್ಯನ ಬಿಂಬ, ಅದರ ಸುತ್ತ ಜೇಡರ ಬಲೆಯಂತೆ ಸಾವಿರ ಗೀರು. ‘ಇಷ್ಟು ಹಾಳಾಗಿದೆಯಾ ನಮ್ಮ ಕಾರು? ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೆನಲ್ಲ’ ಎಂದರಂತೆ.

ಈ ಮಾತನ್ನು ಕೇಳಿದ ಮೇಲೆ ಛಾಯಾಗ್ರಾಹಕರಿಗೆ ಕೆಲಸದ ತೂಕ ತಿಳಿಯಿತು. ಕಾರು ಹೋಗುತ್ತದೆ, ಚಿತ್ರ ಉಳಿಯುತ್ತದೆ. ಉಳಿಯುವುದು ಆ ಗೀರುಗಳೇ ಆದರೆ, ನಲವತ್ತು ವರ್ಷ ಒರೆಸಿದ ಕೈಗೆ ಕೊನೆಗೆ ಸಿಕ್ಕುವುದು ಅಪವಾದ. ತಮಾಷೆಯೆಂದರೆ ಆ ಗೀರುಗಳು ಮೂಡಿದ್ದೇ ಒರೆಸಿದ್ದರಿಂದ. ಧೂಳಿನ ಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿದಾಗಲೆಲ್ಲ ಕಣ್ಣಿಗೆ ಕಾಣದ ಸಣ್ಣ ಗೆರೆಗಳು ಬೀಳುತ್ತವೆ. ಮೋಡದ ದಿನ ಅವು ಇವೆಯೆಂದೇ ಗೊತ್ತಾಗುವುದಿಲ್ಲ. ಸೂರ್ಯನಂಥ ಒಂದೇ ಬಿಂದುವಿನ ಬೆಳಕು ಬಿದ್ದಾಗ ಮಾತ್ರ ಹೊಳೆದು ದೂರು ಹೇಳುತ್ತವೆ.

ನಡುಹಗಲಿನ ಸೂರ್ಯನ ಗುಣವೇ ಹಾಗೆ. ಅದರಲ್ಲೂ ಏಪ್ರಿಲ್ ಕೊನೆಯ ವಾರ ಈ ಸೀಮೆಯಲ್ಲಿ ವಿಶೇಷ. ಶಿವಮೊಗ್ಗ, ಭದ್ರಾವತಿಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ 14 ಡಿಗ್ರಿಗೆ ಸ್ವಲ್ಪ ಕಡಿಮೆ ದೂರದಲ್ಲಿವೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 27ರ ಆಸುಪಾಸಿನಲ್ಲೊಮ್ಮೆ, ಆಗಸ್ಟ್ 15ರ ಆಸುಪಾಸಿನಲ್ಲೊಮ್ಮೆ, ಸೂರ್ಯ ಇಲ್ಲಿ ಕರಾರುವಾಕ್ಕಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಅದು ಗಡಿಯಾರದ ಹನ್ನೆರಡಕ್ಕೂ ಅಲ್ಲ. ನಮ್ಮ ಗಡಿಯಾರಗಳು ಅಲಹಾಬಾದಿನ ಹತ್ತಿರ ಹಾಯುವ ರೇಖೆಯ ಲೆಕ್ಕದಲ್ಲಿ ನಡೆಯುವುದರಿಂದ, ಅದಕ್ಕೆ ಪಶ್ಚಿಮದಲ್ಲಿರುವ ಶಿವಮೊಗ್ಗದಲ್ಲಿ ನಿಜವಾದ ನಡುಹಗಲು ಬರುವುದು ಏಪ್ರಿಲ್‌ನಲ್ಲಿ 12 ಗಂಟೆ 25 ನಿಮಿಷದ ಸುಮಾರಿಗೆ. ಡಿಸೆಂಬರ್ ಕೊನೆಯಲ್ಲಾದರೆ ಅದೇ ನಡುಹಗಲಿನ ಸೂರ್ಯ ಆಕಾಶದಲ್ಲಿ 53 ಡಿಗ್ರಿಯಷ್ಟು ಮಾತ್ರ ಏರಿ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಹನ್ನೆರಡಕ್ಕೂ ಕಾರಿನ ಪಕ್ಕೆಗೆ ಒಂದಿಷ್ಟು ಬೆಳಕು ಸಿಗುತ್ತದೆ. ಏಪ್ರಿಲ್‌ನಲ್ಲಿ ಅದೂ ಇಲ್ಲ. ಮಾಡಿಗೆ ಎಲ್ಲ ಬೆಳಕು, ಪಕ್ಕೆಗೆ ಬಡತನ.

ಛಾಯಾಗ್ರಾಹಕರು ಕ್ಯಾಮರಾ ಚೀಲವನ್ನು ಬಿಚ್ಚಲೇ ಇಲ್ಲ. ಕಾರಿನ ಸುತ್ತ ಎರಡು ಸುತ್ತು ಬಂದರು. ಕುಕ್ಕುರುಗಾಲಲ್ಲಿ ಕೂತರು. ಬಾಗಿಲಿನ ಮೇಲೆ ಕೈ ನೆರಳು ಹಿಡಿದು ನೋಡಿದರು. ಮನೆಯ ಮುಂದಿನ ತಗಡಿನ ಬೇಲಿ, ಒಣಹಾಕಿದ ಬಟ್ಟೆ, ಪಕ್ಕದ ಮನೆಯ ನೀಲಿ ನೀರಿನ ಟ್ಯಾಂಕು, ನೋಡಲು ಬಂದ ಏಳು ಮಕ್ಕಳು, ಎಲ್ಲರೂ ಕಾರಿನ ಕರಿ ಮೈಯೊಳಗೆ ಇದ್ದರು.

‘ಕಾರಿಗೆ ಎಂತ ಕಾಣ್ತಾ ಉಂಟು ಅಂತ ನೋಡ್ಬೇಕು. ನಮಗೆ ಎಂತ ಕಾಣ್ತದೆ ಅನ್ನೋದು ಆಮೇಲೆ’ ಎಂದರು.

ಹಳೆಯ ಕಾರಿನ ಚಿತ್ರ ತೆಗೆಯುವ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿದೆ. ಬಣ್ಣ ಹೊಡೆದು ಹೊಳಪು ಕೊಟ್ಟ ಕಾರೆಂದರೆ ಉಬ್ಬಿದ ಕನ್ನಡಿಗಳ ಗೊಂಚಲು. ಚಿತ್ರದಲ್ಲಿ ಬರುವುದು ಕಾರಿನ ಬಣ್ಣಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಲೋಕ. ಬಿಳಿ ಕಾರಿನಲ್ಲಿ ಇದು ಕಡಿಮೆ ಕಾಣುತ್ತದೆ, ಕಪ್ಪು ಕಾರಿನಲ್ಲಿ ಪೂರ್ತಿ ಕಾಣುತ್ತದೆ. ಬಾಗಿಲಿನ ಮೇಲುಭಾಗ ಆಕಾಶವನ್ನೂ ದೂರದ ಮರಗಳನ್ನೂ ನೋಡುತ್ತದೆ. ಒಳಕ್ಕೆ ಬಾಗಿದ ಕೆಳಭಾಗ ನೆಲವನ್ನು ನೋಡುತ್ತದೆ. ಬಂಪರು, ದೀಪದ ಬಳೆ, ಚಕ್ರದ ಬಟ್ಟಲು ಈ ಕ್ರೋಮಿನ ಭಾಗಗಳಂತೂ ತಲೆಗೊಂದರಂತೆ ಪುಟ್ಟ ಸೂರ್ಯನನ್ನು ಹೊತ್ತು ನಿಂತಿರುತ್ತವೆ. ನೆತ್ತಿಯ ಮೇಲಿರುವುದು ಒಬ್ಬ ಸೂರ್ಯ, ಕಾರಿನ ಮೇಲೆ ಇಪ್ಪತ್ತು.

ಸಹಾಯಕ ಹುಡುಗ ಫ್ಲಾಷ್ ತೆಗೆದ. ನೆರಳಿರುವ ಕಡೆ ಫ್ಲಾಷ್ ತುಂಬಿದರೆ ಸರಿಹೋಗುತ್ತದೆ ಎಂದು ಅವನ ಎಣಿಕೆ. ಮುಖಕ್ಕೆ ಅದು ಸರಿ. ನಾಲ್ಕು ಮೀಟರಿಗೂ ಮೀರಿದ ಉದ್ದದ ಕಾರಿಗೆ ಕೈಯಗಲದ ಫ್ಲಾಷ್ ಬೆಳಕು ಬಿಸಿಲಿನ ಎದುರು ಎಲ್ಲಿಗೂ ಸಾಲುವುದಿಲ್ಲ. ಇಪ್ಪತ್ತು ಸೂರ್ಯರ ಜೊತೆಗೆ ಇಪ್ಪತ್ತೊಂದನೆಯವನು ಸೇರಿಕೊಳ್ಳುತ್ತಾನೆ, ಅಷ್ಟೇ. ಮಗ ಪೋಲರೈಸರ್ ಫಿಲ್ಟರಿನ ಮಾತೆತ್ತಿದ. ಅದು ಒಳ್ಳೆಯ ಸಾಧನವೇ. ಓರೆಯಾಗಿ ನೋಡಿದಾಗ ಗಾಜಿನ ಮೇಲಿನ, ಬಣ್ಣದ ಮೇಲಿನ ಪ್ರತಿಫಲನವನ್ನು ಅದು ಬಹಳಷ್ಟು ಕಡಿಮೆ ಮಾಡುತ್ತದೆ. ಆದರೆ ಲೋಹದ ಹೊಳಪನ್ನು ಅದು ಮುಟ್ಟಲಾರದು. ಕ್ರೋಮ್ ಬಂಪರಿನ ಸೂರ್ಯ ಫಿಲ್ಟರನ್ನು ಎಷ್ಟು ತಿರುಗಿಸಿದರೂ ಅಲ್ಲೇ ಇರುತ್ತಾನೆ. ಅಲ್ಲದೆ ಕಪ್ಪು ಕಾರಿನಿಂದ ಪ್ರತಿಫಲನವನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದೇನು? ಇದ್ದಿಲ ಗುಡ್ಡೆ. ಕಪ್ಪು ಕಾರಿನ ಉಬ್ಬುತಗ್ಗು ಕಾಣುವುದೇ ಪ್ರತಿಫಲನದಿಂದ. ಅದನ್ನು ಅಳಿಸಬಾರದು, ಆರಿಸಬೇಕು.

ಮೊಬೈಲು ಏಕೆ ಸೋತಿತು ಎಂದು ಯಜಮಾನರಿಗೆ ತಿಳಿಯಬೇಕಾಗಿತ್ತು. ಛಾಯಾಗ್ರಾಹಕರು ವಿವರಿಸಲು ಹೊರಟರು. ನಮ್ಮ ಕಣ್ಣು ಹೊಳೆಯುವ ಬಂಪರನ್ನು ನೋಡುವಾಗ ಪಾಪೆಯನ್ನು ಕಿರಿದು ಮಾಡಿಕೊಳ್ಳುತ್ತದೆ, ಚಕ್ರದ ಸಂದಿ ನೋಡುವಾಗ ಹಿಗ್ಗಿಸಿಕೊಳ್ಳುತ್ತದೆ, ಉಳಿದದ್ದನ್ನು ಮಿದುಳು ಹೊಲಿಯುತ್ತದೆ. ಕ್ಯಾಮರಾಕ್ಕೆ ಒಂದು ಚಿತ್ರಕ್ಕೆ ಒಂದೇ ಅಳತೆ. ಈಗಿನ ಮೊಬೈಲುಗಳು ನಾಲ್ಕಾರು ಚಿತ್ರ ತೆಗೆದು ಒಟ್ಟು ಸೇರಿಸುತ್ತವೆ ನಿಜ. ಅದರಿಂದ ನೆರಳು ತಿಳಿಯಾಗುತ್ತದೆಯೇ ಹೊರತು ಗಡಸು ಬೆಳಕು ಮೆದುವಾಗುವುದಿಲ್ಲ.

ಯಜಮಾನರು ಅರ್ಧಕ್ಕೇ ತಲೆಯಾಡಿಸಿದರು. ‘ಗೊತ್ತಾಯ್ತು ಬಿಡಿ. ಕುಲುಮೆಯೊಳಗೆ ಬರಿಗಣ್ಣಲ್ಲಿ ನೋಡಿದ್ರೆ ಬರೀ ಬಿಳಿ ಬೆಂಕಿ, ಎಂತದೂ ಕಾಣೋದಿಲ್ಲ. ನಾವು ನೀಲಿ ಗಾಜು ಹಿಡೀತಿದ್ವಿ. ಆಗ ಒಳಗಿನ ಕುದಿ ಕಾಣೋದು. ನಿಮಗೂ ಅಂಥದ್ದೊಂದು ಗಾಜು ಬೇಕು.’

‘ಗಾಜಲ್ಲ ಯಜಮಾನ್ರೇ, ಜಗುಲಿ ಬೇಕು’ ಎಂದರು ಛಾಯಾಗ್ರಾಹಕರು.

ಅವರು ಹೇಳಿದ ಜಗುಲಿಯ ಕಥೆ ಫಿಲ್ಮಿನ ಕಾಲದ್ದು. ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮಿನಲ್ಲಿ ಅವರು ಕೈ ಪಳಗಿಸಿಕೊಂಡದ್ದು. ಒಂದು ಸುರುಳಿಗೆ ಮೂವತ್ತಾರು ಚಿತ್ರ, ಒಂದೊಂದಕ್ಕೂ ಲೆಕ್ಕ. ಬಿಸಿಲಿಗೆ ಮೀಟರು ಬೇಡ, ನೂರರ ಫಿಲ್ಮಿಗೆ ಷಟರು ನೂರಿಪ್ಪತ್ತೈದು, ಅಪರ್ಚರು ಹದಿನಾರು ಎಂದು ಬಾಯಿಪಾಠ. ಆ ಕಾಲದಲ್ಲಿ ಅವರು ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಿಗೆ ಅಜ್ಜ-ಅಜ್ಜಿಯರ ಚಿತ್ರ ತೆಗೆಯಲು ಹೋಗುತ್ತಿದ್ದರು. ಬಸ್ಸು ಇಳಿದು ನಡೆದು ಮನೆ ಸೇರುವ ಹೊತ್ತಿಗೆ ಮಧ್ಯಾಹ್ನ. ಅಂಗಳದಲ್ಲಿ ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ ಕಣ್ಣಿನ ಜಾಗದಲ್ಲಿ ಗುಳಿ, ಮೂಗಿನ ಕೆಳಗೆ ನೆರಳಿನ ಮೀಸೆ. ಅದೇ ಅಜ್ಜಿ ಜಗುಲಿಯ ಅಂಚಿಗೆ ಬಂದು ಕೂತು ಎಲೆಯಡಿಕೆ ಮೆಲ್ಲುವಾಗ ಮುಖ ಹಾಲಿನಲ್ಲಿ ತೊಳೆದಂತೆ. ಮೊದಮೊದಲು ಕಾರಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಜಗುಲಿಗೆ ಮಾಡಿನ ನೆರಳಿದೆ, ಸೂರ್ಯ ನೇರವಾಗಿ ಬೀಳುವುದಿಲ್ಲ. ಆದರೆ ಎದುರಿನ ಅಂಗಳದ ತುಂಬ ಬಿಸಿಲು ಬಿದ್ದಿದೆ. ಆ ಅಂಗಳವೇ ದೊಡ್ಡ ದೀಪ. ಬಿಸಿಲನ್ನು ಮೆದು ಮಾಡಿ ಅಜ್ಜಿಯ ಮುಖಕ್ಕೆ ಕಳಿಸುತ್ತಿರುವುದು ಆ ಅಂಗಳ.

ಕಾರಿಗೂ ಅಂಥದೊಂದು ಜಗುಲಿ ಹುಡುಕಬೇಕು. ಮೇಲೆ ನೆರಳು, ಎದುರಿಗೆ ಬಿಸಿಲು ಬಿದ್ದ ವಿಶಾಲ ನೆಲ, ಹಿಂದೆ ಕತ್ತಲೆ.

ಶಿವಮೊಗ್ಗಕ್ಕೆ ಹೋಗಿ ಶಿವಪ್ಪನಾಯಕನ ಅರಮನೆಯ ಮುಂದೆ ನಿಲ್ಲಿಸಿದರೆ ಹೇಗೆ ಎಂದು ಮಗನ ಆಸೆ. ಹಳೆಯ ಕಟ್ಟಡ, ಹಳೆಯ ಕಾರು, ಜೋಡಿ ಚೆನ್ನ. ಅನುಮತಿಯ ಮಾತು ಹಾಗಿರಲಿ, ಹೊತ್ತೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಏಪ್ರಿಲ್ ಕೊನೆಯ ನಡುಹಗಲಿನಲ್ಲಿ ಎಷ್ಟೇ ಎತ್ತರದ ಗೋಡೆಯಿದ್ದರೂ ಅದಕ್ಕೆ ನೆರಳಿಲ್ಲ. ಬೇರೆ ತಿಂಗಳಲ್ಲಿ ಕಟ್ಟಡದ ಪಕ್ಕದಲ್ಲಿ ನೆರಳಿನ ಪಟ್ಟಿ ಸಿಗುತ್ತದೆ. ಈಗ ಸಿಗುವುದು ತಲೆಯ ಮೇಲೆ ಮುಚ್ಚಿಗೆ ಇರುವ ಕಡೆ ಮಾತ್ರ. ಪೆಟ್ರೋಲ್ ಬಂಕಿನ ಚಪ್ಪರ, ಕಲ್ಯಾಣ ಮಂಟಪದ ಪೋರ್ಟಿಕೊ, ಇಲ್ಲವೇ ಮರ. ಭದ್ರಾ ಸೇತುವೆಯ ಮಾತೂ ಬಂದು ಹೋಯಿತು. ಅಲ್ಲಿ ವಾಹನ ನಿಲ್ಲಿಸಿದರೆ ಚಿತ್ರಕ್ಕಿಂತ ಮೊದಲು ಪೊಲೀಸರು ಬರುತ್ತಾರೆ.

ಕೊನೆಗೆ ನ್ಯೂಟೌನ್ ಕಡೆಗೆ ಹೊರಟರು. ಕಾರ್ಖಾನೆಯವರ ಕ್ವಾರ್ಟರ್ಸು, ಅಗಲ ರಸ್ತೆ, ಹಳೆಯ ಮರಗಳು. ಯಜಮಾನರೇ ಸ್ಟೀರಿಂಗ್ ಹಿಡಿಯುತ್ತೇನೆಂದರು. ಮಗ ಬೇಡವೆಂದ. ‘ನಾಲ್ಕು ಬೀದಿ ಕಣೋ, ಕಣ್ಣು ಮುಚ್ಚಿಯೂ ಹೋದೇನು’ ಎಂದರೂ ಬಿಡದೆ ಮಗನೇ ಓಡಿಸಿದ. ಸ್ಟೀರಿಂಗ್ ಪಕ್ಕದ ಗೇರು ಅವನಿಗೆ ಕೈಗೆ ಹತ್ತದೆ ಎರಡು ಸಲ ಕರಕರ ಎಂದಿತು. ಪಕ್ಕದಲ್ಲಿ ಕೂತ ಅಪ್ಪ ಎರಡು ಸಲವೂ ಹಲ್ಲು ಕಚ್ಚಿಕೊಂಡರು.

ಮೊದಲು ಸಿಕ್ಕಿದ್ದು ಒಂದು ಮಳೆಮರ. ಅಗಲವಾದ ಕೊಡೆಯಂಥ ಮರ. ಅದರ ಕೆಳಗೆ ನಿಲ್ಲಿಸಿದರೆ ಕಾರಿನ ತುಂಬ ದುಂಡು ದುಂಡು ಬಿಸಿಲ ಚುಕ್ಕೆ, ಕಾರು ಹೋಗಿ ಚಿರತೆಯಾಯಿತು. ಎಲೆಗಳ ಸಂದಿಯಿಂದ ಬಿದ್ದ ಆ ಒಂದೊಂದು ಚುಕ್ಕೆಯೂ ಸೂರ್ಯನದೇ ಚಿತ್ರ. ತೂತಿನ ಕ್ಯಾಮರಾದ ತತ್ತ್ವ ಅದು, ಗ್ರಹಣದ ದಿನ ಈ ಚುಕ್ಕೆಗಳೂ ಕಚ್ಚಿದ ರೊಟ್ಟಿಯಂತಾಗುತ್ತವೆ. ನೋಡಲು ಚೆಂದ, ಕಾರಿಗೆ ಶತ್ರು. ಅರೆಬರೆ ನೆರಳಿಗಿಂತ ಪೂರ್ತಿ ಬಿಸಿಲೇ ವಾಸಿ.

ಮುಂದೆ ಆಟದ ಬಯಲಿನ ಅಂಚಿನಲ್ಲಿ ಎರಡು ಹಳೆಯ ಮಾವಿನ ಮರಗಳು ತಲೆ ಸೇರಿಸಿಕೊಂಡು ನಿಂತಿದ್ದವು. ಮಾವಿನ ಎಲೆ ದಟ್ಟ, ಕೆಳಗೆ ನೆರಳು ಇಡಿಯಾಗಿ ಬೀಳುತ್ತದೆ. ಹಿಂದೆ ಹಸುರು ಬೇಲಿ, ಅದೂ ನೆರಳಿನಲ್ಲೇ. ಎದುರಿಗೆ ಬಟ್ಟಬಯಲು, ಕೆಮ್ಮಣ್ಣು, ನಡುಹಗಲಿನ ಬಿಸಿಲಿಗೆ ಕಾದು ಹೊಳೆಯುತ್ತಿತ್ತು. ಛಾಯಾಗ್ರಾಹಕರು ನಿಂತು ನಕ್ಕರು. ಜಗುಲಿ ಸಿಕ್ಕಿತ್ತು.

ಯಾವ ಪಕ್ಕೆ ಬಯಲಿಗೆ ಮುಖ ಮಾಡಬೇಕು? ಬಲಗಡೆ ಚೆನ್ನಾಗಿತ್ತು. ಎಡಗಡೆಯ ಹಿಂದಿನ ಬಾಗಿಲಿನಲ್ಲಿ ಅಂಗೈಯಗಲದ ಒಂದು ತಗ್ಗು. ಸಹಜವಾಗಿಯೇ ಛಾಯಾಗ್ರಾಹಕರು ಬಲಗಡೆ ಎಂದರು.

‘ಎಡಗಡೆಯಿಂದಲೇ ತೆಗೀರಿ’ ಎಂದರು ಯಜಮಾನರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, ‘ಅವಳು ಕಾರು ಕಲಿಯೋಕೆ ಅಂತ ಹೊರಟಿದ್ದು ಅದೊಂದೇ ದಿನ. ಗೇಟಿನ ಕಂಬಕ್ಕೆ ತಾಗಿಸಿದಳು. ಆಮೇಲೆ ಮುಟ್ಟಲೇ ಇಲ್ಲ. ಟಿಂಕರಿಂಗ್‌ನವನು ತುಂಬಿ ಕೊಡ್ತೇನೆ ಅಂತ ಎಷ್ಟೋ ಸಲ ಹೇಳಿದ. ನಾನೇ ಬೇಡ ಅಂದೆ.’

ಮಗನಿಗೆ ಈ ವಿಷಯ ಗೊತ್ತಿರಲಿಲ್ಲ. ಆ ತಗ್ಗು ತಾನು ಚಿಕ್ಕವನಿದ್ದಾಗ ಸೈಕಲ್ಲು ತಾಗಿಸಿದ್ದರಿಂದ ಆದದ್ದೆಂದು ಅವನು ಇಷ್ಟು ವರ್ಷ ಅಂದುಕೊಂಡಿದ್ದ. ಅಮ್ಮ ಅವನನ್ನು ಹಾಗೆಯೇ ನಂಬಿಸಿದ್ದರು.

ಎಡಪಕ್ಕೆಯನ್ನೇ ಬಯಲಿಗೆ ತಿರುಗಿಸಿ ನಿಲ್ಲಿಸಿದರು. ಮುಂದಿನ ಚಕ್ರವನ್ನು ಸ್ವಲ್ಪ ಹೊರಳಿಸಿ ಅದರ ಬಟ್ಟಲು ಕಾಣುವಂತೆ ಮಾಡಿದರು. ಒದ್ದೆ ಬಟ್ಟೆಯಲ್ಲಿ ಒಂದು ಸಲ, ಮೆತ್ತನೆಯ ಒಣ ಬಟ್ಟೆಯಲ್ಲಿ ಒಂದು ಸಲ ಹಗುರವಾಗಿ ಒರೆಸಿದರು. ಛಾಯಾಗ್ರಾಹಕರು ಮಾತ್ರ ಬಿಸಿಲಿನಲ್ಲೇ, ಕಾರಿನಿಂದ ಹದಿನೈದು ಹೆಜ್ಜೆ ದೂರ ಹೋಗಿ ನಿಂತರು. ಹತ್ತಿರದಿಂದ ಅಗಲ ಕೋನದ ಲೆನ್ಸಿನಲ್ಲಿ ತೆಗೆದರೆ ಮೂಗು ದಪ್ಪವಾಗಿ ಬಾಲ ಸಣ್ಣದಾಗುತ್ತದೆ, ಅಂಬಾಸಿಡರ್ ಹೋಗಿ ಆಮೆಯಾಗುತ್ತದೆ. ದೂರ ನಿಂತು ನೂರು ಮಿಲಿಮೀಟರಿನ ಆಸುಪಾಸಿನ ಲೆನ್ಸು ಹಾಕಿದರೆ ಅದರ ನಿಜವಾದ ಅಳತೆ ಉಳಿಯುತ್ತದೆ. ತೆಗೆಯುವವನ ಪ್ರತಿಬಿಂಬವೂ ಸಣ್ಣದಾಗುತ್ತದೆ. ಕ್ಯಾಮರಾವನ್ನು ಬಾಗಿಲಿನ ಹಿಡಿಯ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಇಳಿಸಿದರು. ಮೇಲಿನಿಂದ ಬಿಸಿಲು ಲೆನ್ಸಿಗೆ ಬಡಿಯದಂತೆ ಹುಡುಗ ಟೋಪಿ ಹಿಡಿದು ನಿಂತ.

ಈಗ ಕಾರಿನ ಮೈಯಲ್ಲಿ ಬಯಲು ಮಲಗಿತ್ತು. ದೀಪದಿಂದ ಹಿಂದಿನ ಮಡ್‌ಗಾರ್ಡಿನವರೆಗೆ ಬೆಳ್ಳಿಯ ಒಂದೇ ಗೆರೆ, ಅದರ ಕೆಳಗೆ ಕೆಮ್ಮಣ್ಣಿನ ಬೆಚ್ಚನೆಯ ಕೆಂಪು. ಮಾಡು ಮಾವಿನ ಎಲೆಗಳ ಕಪ್ಪು ಹಸುರು ಹೊದ್ದು ತಣ್ಣಗಿತ್ತು. ಜೇಡರ ಬಲೆ ಮಾಯ. ಅದನ್ನು ತೋರಿಸುವ ಬೆಳಕೇ ಅಲ್ಲಿರಲಿಲ್ಲ. ಕ್ರೋಮಿನ ಇಪ್ಪತ್ತು ಸೂರ್ಯರೂ ಆರಿ, ಅವರ ಜಾಗದಲ್ಲಿ ಬಯಲಿನ ಬೆಳಕು ಉದ್ದಕ್ಕೆ ಹರಿದಿತ್ತು. ಬಿಸಿಲಿಗಿಂತ ಮೂರು ಪಟ್ಟಿ ಕಡಿಮೆ ಬೆಳಕು. ಐಎಸ್‌ಒ ಇನ್ನೂರು, ಷಟರು ನೂರಿಪ್ಪತ್ತೈದು, ಅಪರ್ಚರು ಎಂಟು. ಮೀಟರಿನ ಮಾತನ್ನು ಕೇಳಲಿಲ್ಲ. ಕಂಡದ್ದನ್ನೆಲ್ಲ ಬೂದು ಮಾಡುವುದು ಅದರ ಚಾಳಿ, ಕಪ್ಪು ಕಾರನ್ನು ಅದರ ಕೈಗೆ ಕೊಟ್ಟರೆ ಇದ್ದಿಲು ಬೂದಿಯಾಗುತ್ತದೆ. ಬಣ್ಣದ ಹದಕ್ಕೆ ಹುಡುಗ ಯಜಮಾನರ ಬಿಳಿ ಪಂಚೆಯನ್ನು ಕ್ಯಾಮರಾಕ್ಕೆ ತೋರಿಸಲು ಹೊರಟ. ‘ಅದಕ್ಕೆ ನೀಲಿ ಹಾಕಿದ್ದಾರೆ ಮಾರಾಯ’ ಎಂದು ಛಾಯಾಗ್ರಾಹಕರು ಚೀಲದಿಂದ ಬೂದು ಬಣ್ಣದ ರಟ್ಟು ತೆಗೆದರು.

ಆರು ಚಿತ್ರ ಆಯಿತು. ಏಳನೆಯದಕ್ಕೆ ಕಣ್ಣಿಟ್ಟಾಗ ಹಿಂದಿನ ಬಾಗಿಲಿನಲ್ಲಿ ಒಂದು ಬಿಳಿ ಗೀಟು ಕಂಡಿತು. ಪ್ರತಿಬಿಂಬದಲ್ಲಿ ಏನೋ ಸೇರಿಕೊಂಡಿದೆ. ತಲೆಯೆತ್ತಿ ನೋಡಿದರೆ, ಇಷ್ಟು ಹೊತ್ತು ಮರದ ಹಿಂದೆ ನಿಂತಿದ್ದ ಯಜಮಾನರು ಬಯಲಿಗೆ ಬಂದು, ಸ್ಟ್ಯಾಂಡಿನ ಪಕ್ಕದಲ್ಲಿ ಬಿಸಿಲಿನಲ್ಲೇ ನಿಂತು ಕಾರನ್ನು ನೋಡುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ. ಅವರ ಬಿಂಬ ಕರಿ ಬಾಗಿಲಿನಲ್ಲಿ ಬೆರಳುದ್ದವಾಗಿ, ಆ ತಗ್ಗಿನ ಹತ್ತಿರ ಸ್ವಲ್ಪ ಬಾಗಿ ನಿಂತಿತ್ತು.

ಪಕ್ಕಕ್ಕೆ ಸರಿಯಿರಿ ಎನ್ನಲು ಛಾಯಾಗ್ರಾಹಕರು ಬಾಯಿ ತೆರೆದವರು ಮುಚ್ಚಿಕೊಂಡರು. ಏಳನೆಯದು ತೆಗೆದರು. ಎಂಟನೆಯದೂ ತೆಗೆದರು. ಆಮೇಲೆ ‘ಆಯ್ತು ಯಜಮಾನ್ರೇ’ ಎಂದರು. ಗಂಟೆ ಒಂದು ಇಪ್ಪತ್ತು.

ಹೇಳಿದ ಹೊತ್ತಿಗೆ ಲಾರಿ ಬಂತು. ಕಾರು ಹತ್ತಿತು. ಹಗ್ಗ ಬಿಗಿಯುವವನಿಗೆ ಎಲ್ಲೆಲ್ಲಿ ಬಿಗಿಯಬಾರದೆಂದು ಯಜಮಾನರು ತೋರಿಸಿಕೊಟ್ಟು ಒಳಗೆ ಹೋದರು, ಲಾರಿ ಹೊರಡುವುದನ್ನು ನೋಡಲಿಲ್ಲ.

ಒಂದು ವಾರದ ಮೇಲೆ ಮಗನಿಗೆ ಎರಡು ಪ್ರಿಂಟು ಹೋದವು. ಒಂದರಲ್ಲಿ ಬರೀ ಕಾರು, ಇನ್ನೊಂದರಲ್ಲಿ ಬಾಗಿಲಿನೊಳಗೆ ಬೆರಳುದ್ದದ ಮನುಷ್ಯ. ಯಾವುದನ್ನು ಕಟ್ಟು ಹಾಕಿಸಬೇಕೆಂದು ಅಪ್ಪನೇ ಹೇಳಲಿ ಎಂದು ಮಗ ಎರಡನ್ನೂ ಮುಂದಿಟ್ಟ. ಪೊರೆ ಬಂದ ಕಣ್ಣಿಗೆ ಆ ಸಣ್ಣ ಬಿಂಬ ಕಾಣಿಸಿತೋ ಇಲ್ಲವೋ. ಯಜಮಾನರು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನ ಬಾಗಿಲಿನ ಜಾಗವನ್ನು ಬೆರಳಿನಿಂದ ಸವರಿ, ‘ತಗ್ಗು ಚೆನ್ನಾಗಿ ಬಂದಿದೆ’ ಎಂದರು. ಎರಡನೆಯದನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಮಗ ಮಾತ್ರ ಶಿವಮೊಗ್ಗಕ್ಕೆ ಫೋನು ಮಾಡಿ, ಇದು ಅದೇ ಮಧ್ಯಾಹ್ನ ತೆಗೆದದ್ದು ಎಂದರೆ ಬೆಂಗಳೂರಿನ ಗೆಳೆಯರು ಯಾರೂ ನಂಬುತ್ತಿಲ್ಲ ಎಂದ. ‘ಪ್ರಿಂಟಿನ ಹಿಂಬದಿ ನೋಡಿ’ ಎಂದರು ಛಾಯಾಗ್ರಾಹಕರು. ಫಿಲ್ಮಿನ ಕಾಲದಿಂದ ಬಂದ ಅಭ್ಯಾಸದಂತೆ ಅಲ್ಲಿ ಅವರು ಪೆನ್ಸಿಲಿನಲ್ಲಿ ಊರು, ತಾರೀಖು ಬರೆದು, ಕೆಳಗೆ ಹೊತ್ತನ್ನೂ ಬರೆದಿದ್ದರು: ಮಧ್ಯಾಹ್ನ 1.20, ಮಾವಿನ ಮರದ ಕೆಳಗೆ.